ಮೂರನೇ ಮಹಡಿಯ ಸಮುದ್ರದ ಜೊತೆ ಮಾತುಕತೆ

ಹೈದರಾಬಾದಿನ ನಾಚಾರಂನಲ್ಲಿ, ಕಾರ್ಖಾನೆಗಳ ಸಾಲು ಮುಗಿದು ಅಪಾರ್ಟ್‌ಮೆಂಟುಗಳು ಶುರುವಾಗುವ ಕಡೆ, ಒಂದು ಮನೆಯ ಪಡಸಾಲೆಯಲ್ಲಿ ಸಮುದ್ರವಿದೆ. ಇನ್ನೂರು ಲೀಟರ್. ಮನೆಯವರು ಕಲಬುರಗಿ ಕಡೆಯವರು. ಟಿವಿಯನ್ನು ಮಲಗುವ ಕೋಣೆಗೆ ಗಡಿಪಾರು ಮಾಡಿ ಆ ಜಾಗದಲ್ಲಿ ಗಾಜಿನ ತೊಟ್ಟಿ ಇಟ್ಟು, ಮೀನು ಬರುವ ಮೊದಲೇ ನೆಂಟರಿಗೆಲ್ಲ ಫೋಟೊ ಕಳಿಸಿದ್ದಾರೆ. ಫೋಟೊದಲ್ಲಿ ಕಾಣುವುದು ಬರೀ ಬಿಳಿ. ಪುರಾಣದ ಕಾಲವಾಗಿದ್ದರೆ ಕ್ಷೀರಸಾಗರವೆಂದು ಕೈಮುಗಿಯುತ್ತಿದ್ದರು. ಈಗ ಅಂಗಡಿಯವನಿಗೆ ಫೋನ್ ಮಾಡುತ್ತಾರೆ. ನೀರಿನ ಬಗ್ಗೆ ಎಲ್ಲರೂ ಮಾತಾಡಿದ್ದಾರೆ, ನೀರನ್ನು ಯಾರೂ ಮಾತಾಡಿಸಿಲ್ಲ. ನಾವು ಮಾತಾಡಿಸಿದೆವು. ಅದು ಕನ್ನಡ ಕಲಿತದ್ದು ಈ ಮನೆಯಲ್ಲೇ ಆದ್ದರಿಂದ ಮಾತಿನ ಧಾಟಿಯೂ ಇವರದೇ.

ನಮಸ್ಕಾರ. ತಮ್ಮ ಸ್ವಂತ ಊರು ಯಾವುದು?

ಏನಂತ ಹೇಳ್ಲಿ? ಹುಟ್ಟಿದ್ದು ಇದೇ ಕಟ್ಟಡದ ಬೋರ್‌ವೆಲ್‌ನಾಗ. ಆರ್‌ಓ ಮಷಿನ್‌ನಾಗ ಹಾಯಿಸಿ ಇದ್ದಬದ್ದದ್ದೆಲ್ಲ ತೆಗೆದ್ರು. ಆಮ್ಯಾಲ ಪಾಕೀಟು ಒಡೆದು ಸಮುದ್ರ ಸುರುವಿದ್ರು. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಅಂದ್ರ ಒಟ್ಟು ಏಳು ಕೆಜಿ. ಖರೇ ಸಮುದ್ರ ನಾ ಕಂಡೇ ಇಲ್ರಿ. ಹೈದರಾಬಾದ್ ಸಮುದ್ರಮಟ್ಟದಿಂದ 500 ಮೀಟರಿಗಿಂತ ಎತ್ತರದಾಗ ಅದ, ಅದರ ಮ್ಯಾಲ ಮೂರು ಮಹಡಿ.

ಪಾಕೀಟಿನ ಸಮುದ್ರ ಅನ್ನಿಸಿಕೊಳ್ಳಲು ಬೇಸರವಿಲ್ಲವೇ?

ಬೇಸರ ಯಾಕ್ರಿ? ನಮ್ಮದು ಹಳೇ ಖಾನ್‌ದಾನ್. 1853ರಾಗ ಲಂಡನ್ನಿನ ಪ್ರಾಣಿಸಂಗ್ರಹಾಲಯದಾಗ ಮೀನಿನ ಮನಿ ತೆರೆದ್ರು. ಮರುವರ್ಷವೇ ಫಿಲಿಪ್ ಹೆನ್ರಿ ಗಾಸ್ ಅನ್ನೋರು ಉಪ್ಪುಗಳನ್ನ ಬೆರೆಸಿ ಸಮುದ್ರದ ನೀರು ಮಾಡೋ ಲೆಕ್ಕ ಅಚ್ಚು ಹಾಕಿಸಿದ್ರು. ಅವತ್ತಿಂದ ಸಮುದ್ರ ದಂಡಿಯಾಗಿಂದು ಅಲ್ಲ, ಡಬ್ಬಿಯಾಗಿಂದು.

ಇರಲಿ, ವಿಷಯಕ್ಕೆ ಬರೋಣ. ತಾವು ಯಾಕೆ ಹೀಗೆ ಕದಡಿದ್ದೀರಿ?

ಯಾವ ಕದಡು ಕೇಳ್ತೀರಿ? ಮೊದಲ ದಿನದ ಬಿಳಿ ಬ್ಯಾರೆ, ಎರಡನೇದ್ದು ಬ್ಯಾರೆ, ಇವತ್ತಿಂದೇ ಬ್ಯಾರೆ. ಇವರಿಗೆ ಎಲ್ಲಾ ಒಂದೇ ಬಿಳಿ, ಅದಕ್ಕ ಎಲ್ಲಾದಕ್ಕೂ ಒಂದೇ ಬಾಟ್ಲಿ.

ಮೊದಲನೇದು ಉಸುಕಿಂದು. ಅರಗೊನೈಟ್ ಉಸುಕು, ಭಾರಿ ದುಡ್ಡಿಂದು. ಮನ್ಯಾಗ ಅಕ್ಕಿ ನಾಲ್ಕು ಸಲ ತೊಳೀತಾರ, ಇದನ್ನ ಒಂದು ಸಲನೂ ತೊಳೀಲಿಲ್ಲ. ಧೂಳೆದ್ದು ಒಂದೆರಡು ದಿನ ತೇಲಿ ತಾನೇ ತಳಕ್ಕ ಕೂಡ್ತು. ಎರಡನೇದು ಉಪ್ಪಿಂದು. ಬಕೀಟಿನಾಗ ಮೊದಲು ಉಪ್ಪು ಸುರುವಿ ಮ್ಯಾಲ ಬಿಸಿನೀರು ಹೊಯ್ದ್ರು. ತಾಯಿ, ಉಲ್ಟಾ ಮಾಡಬೇಕು! ಮೊದಲು ನೀರು, ಅದರಾಗ ತಿರುಗೋ ಪಂಪು, ಆಮ್ಯಾಲ ಒಂದೊಂದೇ ಮುಷ್ಟಿ ಉಪ್ಪು. ಒಮ್ಮೆಲೆ ಗಟ್ಟಿ ಉಪ್ಪಿಗೆ ಬಿಸಿನೀರು ಬಿದ್ರ ಅದರಾಗಿನ ಕ್ಯಾಲ್ಸಿಯಂ, ಕಾರ್ಬೊನೇಟ್ ಕೂಡಿ ಸುಣ್ಣದಂಥ ಪುಡಿ ಆಗ್ತದ. ಹಂಗಾದ್ರ ಮತ್ತ ಕರಗೋದು ಕಷ್ಟ.

ಇವತ್ತಿನದು?

(ಸ್ವಲ್ಪ ಹೊತ್ತು ಗುಳುಗುಳು ಸದ್ದು.) ಇವತ್ತಿಂದು ಶೆಟ್ಲಿ, ಅಂದ್ರ ಸಿಗಡಿ ಪ್ರಕರಣ. ಹೊಸ ತೊಟ್ಟಿಗೆ ಅಮೋನಿಯ ಬೇಕು, ಅದನ್ನ ತಿನ್ನೋ ಬ್ಯಾಕ್ಟೀರಿಯಾ ಬೆಳೀಬೇಕು, ಒಂದು ಹಸಿ ಶೆಟ್ಲಿ ಹಾಕಿದ್ರ ಕೊಳೆತು ಅಮೋನಿಯ ಬರ್ತದ ಅಂತ ಯಾರೋ ಹೇಳಿದ್ರು. ಮಾತು ಖರೇನೇ. ಆದ್ರ ಈ ಮನಿಯವರು ಶುದ್ಧ ಸಸ್ಯಾಹಾರಿಗಳು. ಮಾಲಕರ ಗೆಳೆಯರೊಬ್ರು ಪೇಪರಿನಾಗ ಸುತ್ತಿ, ಪೇಪರನ್ನ ಚೀಲದಾಗ, ಚೀಲವನ್ನ ಹೆಲ್ಮೆಟ್ಟಿನಾಗ ಇಟ್ಟು ತಂದ್ರು. ಮತ್ತ ಮತ್ತ ಯಾರು ತರ್ತಾರ ಅಂತ ಒಮ್ಮೆಲೆ ಕಾಲುಕೆಜಿ ಹಾಕಿಬಿಟ್ರು. ಅಜ್ಜಿ ಅವತ್ತಿಂದ ಈ ಕಡೆ ಮುಖ ಮಾಡಿಲ್ಲ. ಶುದ್ಧ ಅಮೋನಿಯಂ ಕ್ಲೋರೈಡ್ ಹಾಕಿದ್ರ ನಡೀತಿತ್ತು ನೋಡ್ರಿ. ಕಲಾಯಿ ಹಾಕೋರ ನವಸಾಗರ ಇಲ್ಲೇನು, ಅದರ ಶುದ್ಧ ರೂಪ. ಶೆಟ್ಲಿಯ ಪಾಪವೂ ಇಲ್ಲ, ವಾಸನಿಯೂ ಇಲ್ಲ.

ಕಾಲುಕೆಜಿ ಕೊಳೆತ ಮ್ಯಾಲ ಕೊಳೆತದ್ದನ್ನ ತಿನ್ನೋ ಬ್ಯಾಕ್ಟೀರಿಯಾ ಬರ್ದೇ ಇರ್ತಾವೇನು? ಅವು ಅರ್ಧ ತಾಸಿನಾಗ ಇಮ್ಮಡಿ ಆಗೋ ಮಂದಿ. ನೀವು ನೋಡ್ತಿರೋ ಬಿಳಿ ಅವುಗಳ ಜಾತ್ರಿ. ಅಮೋನಿಯವನ್ನ ನೈಟ್ರೈಟ್, ನೈಟ್ರೈಟನ್ನ ನೈಟ್ರೇಟ್ ಮಾಡೋ ಖರೇ ಕೆಲಸಗಾರರು ಕಲ್ಲಿಗೆ, ಉಸುಕಿಗೆ ಅಂಟಿಕೊಂಡು ಕೂಡ್ತಾರ. ಅವರು ಇಮ್ಮಡಿ ಆಗ್ಬೇಕಾದ್ರ ಅರ್ಧ ದಿನ, ಒಂದು ದಿನ ಹಿಡೀತದ. ಅದಕ್ಕೇ ನಾಲ್ಕರಿಂದ ಆರು ವಾರ ಬೇಕು ಅನ್ನೋದು.

ಯಾವ ಬಿಳಿ ಯಾವುದೆಂದು ತಿಳಿಯುವುದು ಹೇಗೆ?

ಒಂದು ಗಾಜಿನ ಲೋಟದಾಗ ನನ್ನ ತುಂಬಿ ಇಡ್ರಿ. ನಿಮಿಷದಾಗ ತಿಳಿಯಾದ್ರ ಅದು ಗುಳ್ಳಿ. ನೀರಿನ ಹೊಲಸನ್ನ ನೊರಿ ಮಾಡಿ ತೆಗೆಯೋ ಸ್ಕಿಮ್ಮರ್ ಹೊಸದಿದ್ದಾಗ ಮೊದಲ ದಿನಗಳಾಗ ಸಣ್ಣ ಗುಳ್ಳಿ ಉಗುಳ್ತದ. ತಾಸುಗಟ್ಟಲೆ ಬಿಟ್ಟ ಮ್ಯಾಲ ತಳದಾಗ ಪುಡಿ ಕಂಡ್ರ ಉಸುಕು ಇಲ್ಲಾ ಸುಣ್ಣ. ಮರುದಿನನೂ ಹಂಗೇ ಮಬ್ಬಿದ್ರ ಬ್ಯಾಕ್ಟೀರಿಯಾ. ಹಸಿರು ಕಂಡ್ರ ಪಾಚಿ, ದೀಪ ಹೆಚ್ಚಾಗ್ಯದ. ಲೋಟ ಈ ಮನ್ಯಾಗ ಹನ್ನೆರಡು ಅವ. ಆದ್ರ ಲೋಟಕ್ಕ ಬೆಲೆ ಇಲ್ಲಲ್ರಿ, ಬೆಲೆ ಇಲ್ಲದ್ದನ್ನ ಅಂಗಡಿಯವರು ಹೇಳೋದಿಲ್ಲ.

ತಮಗೆ ಆಗಿರುವ ಚಿಕಿತ್ಸೆಗಳು?

ದಿನಾ ಅರ್ಧ ನೀರು ಬದಲಿಸೋದು ಒಂದು. ಹೊಸ ನೀರು ಬಂದಂಗೆಲ್ಲ ಜಾತ್ರಿ ಮತ್ತ ಮೊದಲಿಂದ. ತಿಳಿ ಮಾಡೋ ದ್ರಾವಣ ಅಂತ ಒಂದು ಬಾಟ್ಲಿ, ಮರುದಿನ ಅದರದೇ ಅಂಟು ತೆಗೆಯೋದಕ್ಕ ಇನ್ನೊಂದು. ಕಾಕಾ ಒಬ್ರು ಬಂದು ತೊಟ್ಟಿ ಈಶಾನ್ಯಕ್ಕ ಸರಿಸ್ರಿ ಅಂದ್ರು. ಇನ್ನೂರು ಕೆಜಿಗೂ ಹೆಚ್ಚಿನ ತೂಕ ಕೇಳಿ ಸುಮ್ಮನಾದ್ರು. ಅಜ್ಜಿ ದೂರದಿಂದಲೇ, ಪಟಕ ತಿರುವಿ ಬಿಡ್ರಿ ಅಂತಾರ. ಭೀಮಾ ನದಿಯ ಕೆಂಪುನೀರಿಗೆ ಅವರು ಆಯುಷ್ಯಪೂರ್ತಿ ಹಾಕ್ಯಾರ, ಅವರ ಮಾತಿನಾಗ ಅನುಭವ ಅದ. ಆದ್ರ ಪಟಕ ನನ್ನ ಕ್ಷಾರಗುಣ ತಿಂತದ. ನನಗ ಪಿಎಚ್ 8.1ರಿಂದ 8.3ರ ಮಟ ಬೇಕು.

ಇದೆಲ್ಲದಕ್ಕಿಂತ ಕೆಟ್ಟದ್ದು ರಾತ್ರಿದು. ಸದ್ದು ಆಗ್ತದ, ನಿದ್ದಿ ಬರೋದಿಲ್ಲ ಅಂತ ಪಂಪು ಬಂದ್ ಮಾಡ್ತಾರ. ಬ್ಯಾಕ್ಟೀರಿಯಾ ಎಲ್ಲಾ ಆಮ್ಲಜನಕ ಕುಡಿಯೋ ಹೊತ್ತಿನಾಗ ನನ್ನ ಉಸಿರು ಕಟ್ಟಿಸ್ತಾರ. ಈ ಊರಿನ ಮೇ ತಿಂಗಳ 40 ಡಿಗ್ರಿ ಬ್ಯಾರೆ. ನೀರು ಬಿಸಿ ಆದಷ್ಟೂ ಅದರಾಗ ಆಮ್ಲಜನಕ ಕಡಿಮಿ. ನನಗ 25, 26 ಡಿಗ್ರಿ ಇದ್ರ ಚೊಲೊ. ಶೆಟ್ಲಿ ತೆಗೀರಿ, ಸ್ಕಿಮ್ಮರ್, ಪಂಪು ಹಗಲೂ ರಾತ್ರಿ ಓಡಿಸ್ರಿ, ಬಾಟ್ಲಿ ಮುಚ್ಚಿಡ್ರಿ. ನಾ ಕೇಳೋದು ಇಷ್ಟೇ.

ಬ್ಯಾಕ್ಟೀರಿಯಾ ಎಂದರೆ ಜನ ಹೆದರುತ್ತಾರಲ್ಲ?

ಹೆದರೋದ್ಯಾಕ್ರಿ, ನೀರು ಪರೀಕ್ಷಾ ಮಾಡಿದ್ರ ಆಯ್ತು. ಇಲ್ಲೇ ಪಕ್ಕದಾಗ ಹಬ್ಸಿಗುಡದ ಕಡೆ ಸಿಸಿಎಂಬಿ ಅನ್ನೋ ಜೀವವಿಜ್ಞಾನದ ಸಂಶೋಧನಾ ಸಂಸ್ಥೆ ಅದ. 2020ರಾಗ ಅಲ್ಲಿಯ ವಿಜ್ಞಾನಿಗಳು ಊರಿನ ಚರಂಡಿ ನೀರು ತರಿಸಿ, ಅದರಾಗಿನ ವೈರಸ್ ಗುರುತು ಹುಡುಕಿ, ಹೈದರಾಬಾದಿನಾಗ ಎಷ್ಟು ಮಂದಿಗೆ ಕೊರೊನಾ ಹತ್ತಿರಬಹುದು ಅಂತ ಅಂದಾಜು ಹಾಕಿದ್ರು. ಚರಂಡಿ ನೀರಿಗೆ ಅಷ್ಟು ಮರ್ಯಾದಿ! ಏಳು ಕೆಜಿ ಉಪ್ಪು ತಿಂದ ನನಗ ಒಂದು ಟೆಸ್ಟ್ ಕಿಟ್ ಇಲ್ಲ. ನೀಲಿ ದೀಪ ಬಂತು, ಬಾಯಿ ತೆಗೆದು ಮುಚ್ಚೋ ಪ್ಲಾಸ್ಟಿಕ್ ಮೊಸಳಿ ಬಂತು. ಅಮೋನಿಯ ನೋಡೋ ಕಿಟ್ ಮಾತ್ರ ತುಟ್ಟಿ ಆಯ್ತು.

ಮೀನು ಬಂದರೆ ಚೆನ್ನಾಗಿ ನೋಡಿಕೊಳ್ಳುತ್ತೀರಾ?

ಅಮೋನಿಯ ಸೊನ್ನೆ, ನೈಟ್ರೈಟ್ ಸೊನ್ನೆ ಆಗೋತನಕ ನನ್ನ ಕೈಯಾಗ ಏನೂ ಇಲ್ರಿ. ಈ ಊರಿನ ಮೀನಿಗೆ ಮೊದಲೇ ಅದೃಷ್ಟ ಕಡಿಮಿ. ಮೃಗಶಿರ ಕಾರ್ತಿಗೆ ಬತ್ತಿನಿ ಕುಟುಂಬದವರು ಜೀವಂತ ಕೊರಮೀನಿನ ಬಾಯಾಗ ಔಷಧ ಇಟ್ಟು ಉಬ್ಬಸದವರಿಗೆ ನುಂಗಿಸ್ತಾರ. ಅಲ್ಲಿ ಸಸ್ಯಾಹಾರಿಗಳಿಗೆ ಬೆಲ್ಲದಾಗ ಕೊಡೋ ಪದ್ಧತಿಯಾದ್ರೂ ಅದ. ಇಲ್ಲಿ...

ಅಷ್ಟರಲ್ಲಿ ಬಾಗಿಲ ಗಂಟೆ. ಅಂಗಡಿಯ ಹುಡುಗ, ಕೈಯಲ್ಲಿ ಗಾಳಿ ತುಂಬಿದ ಚೀಲ, ಒಳಗೆ ಎರಡು ಕಿತ್ತಳೆ ಬಣ್ಣದ ಕ್ಲೌನ್ ಮೀನು. ಯಜಮಾನರು ಓಡಿ ಬಂದು ಚೀಲ ಇಸಿದುಕೊಂಡರು. ಟೆಸ್ಟ್ ಕಿಟ್ ತರಿಸಿದಿರಾ ಎಂದು ಕೇಳಿದೆವು.

"ಆರ್ಡರ್ ಮಾಡೀನ್ರಿ, ಬುಧವಾರ ಬರ್ತದ."

"ಅಲ್ಲಿಯವರೆಗೆ ಮೀನುಗಳು?"

"ರವಿವಾರ ಸತ್ಯನಾರಾಯಣ ಪೂಜಾ ಅದ, ಕಲಬುರಗಿಯಿಂದ ಎಲ್ಲಾರೂ ಬರ್ತಾರ. ಸಂಜಿ ಬಸ್ಸಿಗೆ ಅವರನ್ನ ಹತ್ತಿಸೋತನಕ ಇದ್ರ ಸಾಕ್ರಿ."