ಕಷ್ಟಕಾಲಕ್ಕೆ ರಟ್ಟೆಗಿಂತ ಮೊದಲು ತಲೆ

ಭಾವನೋರು ಈಗ ಪ್ರೆಸ್ಸಿನ ಬಾಗಿಲು ಹಾಕೋದು ರಾತ್ರಿ ಹನ್ನೊಂದಕ್ಕಂತೆ, ಹೌದೇನಕ್ಕ? ಆರ್ಡರ್ ಕಮ್ಮಿಯಾಗಿದೆ, ಅದಕ್ಕೇ ಹೆಚ್ಚು ಹೊತ್ತು ಕೂತಿರ್ತಾರೆ ಅಂದ್ರಲ್ಲ, ಆ ಮಾತು ನನ್ನ ಮನಸ್ಸಿಂದ ಹೋಗ್ತಾನೇ ಇಲ್ಲ. ಮದುವೆ ಕರೆಯೋಲೆನ ಜನ ಈಗ ವಾಟ್ಸಾಪಲ್ಲಿ ಕಳಿಸ್ತಾರೆ. ಐನೂರು ಹಾಕಿಸ್ತಿದ್ದ ಮನೆಯವರು ದೇವರ ಮುಂದಿಡೋಕೆ, ಹಿರಿಯರ ಕೈಗೆ ಕೊಡೋಕೆ ಅಂತ ನೂರು ಹಾಕಿಸ್ತಾರೆ. ಅಂಗಡಿ ಎಷ್ಟು ಹೊತ್ತು ತೆರೆದಿದ್ರೂ ಮಿಕ್ಕ ನಾನೂರು ಕಾರ್ಡು ವಾಪಸ್ ಬರಲ್ಲ ಅಕ್ಕ.

ಹೊತ್ತು ಹೆಚ್ಚಿಸಿದ್ರೆ ಕೆಲಸ ಹೆಚ್ಚತ್ತೆ ಅನ್ನೋ ನಂಬಿಕೆ ಹಳೇದು. ಮೊದಲನೇ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಮದ್ದುಗುಂಡಿನ ಕಾರ್ಖಾನೆಗಳಲ್ಲಿ ಭಾನುವಾರನೂ ಬಿಡದೆ ದುಡಿಸ್ತಿದ್ರು. ಆ ಕೆಲಸಗಾರರ ಆರೋಗ್ಯ ವಿಚಾರಿಸೋಕೆ ಅಂತ 1915ರಲ್ಲಿ ಸರ್ಕಾರ ಒಂದು ಸಮಿತಿ ಮಾಡ್ತು. ಅವರು ಲೆಕ್ಕ ಇಟ್ಟು ನೋಡಿದ್ರೆ, ಅತಿಯಾದ ಹೊತ್ತು ಇಳಿಸಿದ ಕಡೆ ತಯಾರಾಗೋ ಮಾಲು ಇಳೀಲಿಲ್ಲ, ಕೆಲವು ಕಡೆ ಏರಿತು ಕೂಡ. ದಣಿದ ಕೈ ಗಂಟೆ ತುಂಬಿಸತ್ತೆ, ಕೆಲಸ ತುಂಬಿಸಲ್ಲ. ಭಾವನೋರ ಕಸುಬಲ್ಲಂತೂ ದಣಿವು ಬಲು ದುಬಾರಿ. ನಿದ್ದೆಗಣ್ಣಲ್ಲಿ ಪ್ರೂಫ್ ನೋಡಿ ಮುಹೂರ್ತದ ಹೊತ್ತೋ ಛತ್ರದ ಹೆಸರೋ ತಪ್ಪಿದ್ರೆ ಅಷ್ಟನ್ನೂ ಮತ್ತೆ ಅಚ್ಚು ಹಾಕಬೇಕು, ಕಾಗದದ ದುಡ್ಡೂ ನಿಮ್ಮ ತಲೆ ಮೇಲೇ.

ಅದೇ ಯುದ್ಧದ ಕಾಲದಲ್ಲಿ ನಮ್ಮ ಮೈಸೂರು ಸಂಸ್ಥಾನಕ್ಕೆ ಬಂದ ಕಷ್ಟ ನೋಡಿ. ಶ್ರೀಗಂಧದ ಕೊರಡು ಇಲ್ಲಿ ಹರಾಜಾಗಿ, ಹಡಗು ಹತ್ತಿ, ಹೆಚ್ಚಾಗಿ ಜರ್ಮನಿಗೆ ಹೋಗ್ತಿತ್ತು. ಎಣ್ಣೆ ತೆಗೀತಿದ್ದಿದ್ದು ಅಲ್ಲಿ. 1914ರಲ್ಲಿ ಯುದ್ಧ ಶುರುವಾದ್ಮೇಲೆ ಆ ವ್ಯಾಪಾರ ನಿಂತುಹೋಗಿ ಕೊರಡು ರಾಶಿ ಬಿತ್ತು. ಇನ್ನಷ್ಟು ಮರ ಕಡಿದಿದ್ರೆ ರಾಶಿ ಬೆಳೀತಿತ್ತು, ಅಷ್ಟೆ. ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನರಾಗಿದ್ದ ವಿಶ್ವೇಶ್ವರಯ್ಯನೋರು ಬೇರೆ ದಾರಿ ಹಿಡಿದ್ರು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ವಿಜ್ಞಾನಿಗಳ ಸಹಾಯದಿಂದ ಎಣ್ಣೆ ಬಟ್ಟಿ ಇಳಿಸೋ ಕೆಲಸ ಇಲ್ಲೇ ಶುರುವಾಯ್ತು. 1916ರ ಹೊತ್ತಿಗೆ ಗಂಧದೆಣ್ಣೆ ಬಂತು, ಆ ಎಣ್ಣೆಯಿಂದ 1918ರಲ್ಲಿ ಮೈಸೂರು ಸ್ಯಾಂಡಲ್ ಸೋಪು ಬಂತು. ಮರ ಅದೇ, ಕಾಡು ಅದೇ. ಕೊರಡಿನ ಬೆಲೆ ಇರೋದು ಅದರ ಎಣ್ಣೇಲಿ ಅಂತ ಗುರುತಿಸಿ, ಆ ಕೆಲಸನ ತಮ್ಮ ಕೈಗೆ ತಗೊಂಡ್ರಲ್ಲ, ಅದು ದೊಡ್ಡದು.

ಎರಡನೇ ಯುದ್ಧದಲ್ಲಿ ಅಕ್ಕಿಗೆ ಬರ ಬಂತು. 1942ರಲ್ಲಿ ಜಪಾನಿನವರು ಬರ್ಮಾ ಹಿಡಿದು ಅಲ್ಲಿಂದ ಬರ್ತಿದ್ದ ಅಕ್ಕಿ ನಿಂತಿತ್ತು. ಅಕ್ಕಿ ಇಲ್ಲದ ಇಡ್ಲಿ ಹೋಟೆಲಿನವರು ಏನು ಮಾಡಬೇಕು? ಆಗ ಹುಟ್ಟಿದ್ದೇ ರವೆ ಇಡ್ಲಿ ಅಂತ ಎಂಟಿಆರ್ ಹೋಟೆಲಿನವರು ಹೇಳ್ತಾರೆ. ನಾವು ಅದನ್ನ ತಿಂತೀವೇ ಹೊರತು ಅದರಲ್ಲಿರೋ ಜಾಣತನ ನೋಡಲ್ಲ. ಅಕ್ಕಿ ಉದ್ದು ನೆನೆಹಾಕೋದು, ರುಬ್ಬೋದು, ರಾತ್ರಿಯೆಲ್ಲ ಹುದುಗು ಬರಲಿ ಅಂತ ಕಾಯೋದು, ಮೂರೂ ತಪ್ಪಿತು. ರವೆ ಹುರಿದು, ಮೊಸರು ಸೋಡಾ ಕಲಸಿ, ಒಗ್ಗರಣೆ ಗೋಡಂಬಿ ಹಾಕಿ ಹಬೇಲಿ ಇಟ್ರೆ ಆಯ್ತು. ಸಿಗದೇ ಇರೋ ಸಾಮಾನಿಗೆ ಬದಲಿ ಹುಡುಕೋಕೆ ಹೋಗಿ ಅರ್ಧ ದುಡಿಮೆನೇ ಉಳಿಸಿದ್ರು. ಅಕ್ಕಿ ಮತ್ತೆ ಸಿಕ್ಕಿದ ಮೇಲೂ ಜನ ಅದನ್ನ ಬಿಡಲಿಲ್ಲ.

ಅದಕ್ಕೇ ಹೇಳೋದು, ಕಾಯೋ ಕೆಲಸ ಎಲ್ಲಿದೆ, ಮಾಡಿದ್ದನ್ನೇ ಮಾಡೋ ಕೆಲಸ ಎಲ್ಲಿದೆ ಅಂತ ಭಾವನೋರು ಒಂದ್ಸಲ ನೋಡಲಿ. ಪ್ರೆಸ್ಸಲ್ಲಿ ಬಣ್ಣ ಬದಲಾದಾಗೆಲ್ಲ ಮೆಷಿನ್ ನಿಲ್ಲಿಸಿ ರೋಲರ್ ತೊಳೀಬೇಕು. ಹೊಸ ಪ್ಲೇಟ್ ಕೂರಿಸಿ ಅಚ್ಚು ಸರಿಯಾಗಿ ಬೀಳೋ ತನಕ ಹಾಳೆ ದಂಡ. ಬಂದ ಆರ್ಡರನ್ನ ಬಂದ ಹಾಗೇ ಹಾಕೋ ಬದಲು ಕೆಂಪಿನದೆಲ್ಲ ಒಂದು ದಿನ, ನೀಲಿ ಬಿಲ್ ಬುಕ್ಕುಗಳೆಲ್ಲ ಒಂದು ದಿನ ಅಂತ ಸೇರಿಸಿಟ್ರೆ ಎಷ್ಟು ತೊಳೆಯೋದು ತಪ್ಪತ್ತೆ! ಸಂಜೆ ಏಳಕ್ಕೇ ಬಾಗಿಲು ಹಾಕಬಹುದು.

ಅದಕ್ಕಿಂತ ಮುಖ್ಯ, ಅವರ ಕೊರಡು ಯಾವುದು, ಎಣ್ಣೆ ಯಾವುದು ಅಂತ ಯೋಚಿಸಲಿ. ಕಾಗದ ಎಲ್ಲರ ಅಂಗಡೀಲೂ ಇದೆ. ಲಗ್ನಪತ್ರಿಕೇಲಿ ಯಾರ ಹೆಸರು ಮೊದಲು ಬರಬೇಕು, ಒತ್ತಕ್ಷರ ಎಲ್ಲಿ ತಪ್ಪತ್ತೆ, ಅಕ್ಷರ ಎಷ್ಟಿದ್ರೆ ಅಜ್ಜಿ ಕಣ್ಣಿಗೆ ಕಾಣತ್ತೆ, ಇದೆಲ್ಲ ಗೊತ್ತಿರೋದು ಭಾವನೋರಿಗೆ. ಫೋನಲ್ಲಿ ಓಡಾಡೋ ಕರೆಯೋಲೆಗಳಲ್ಲಿ ಕನ್ನಡ ಎಷ್ಟು ಕೆಟ್ಟಿರತ್ತೆ ನೋಡಿದ್ದೀರಲ್ಲ. ನೂರು ಕಾರ್ಡಿನ ಜೊತೆ ಫೋನಿಗೆ ಕಳಿಸೋ ಕರೆಯೋಲೆನೂ ತಪ್ಪಿಲ್ಲದೆ ಮಾಡಿಕೊಡ್ತೀವಿ, ಇಷ್ಟು ಬೆಲೆ ಅಂತ ಬೋರ್ಡ್ ಹಾಕಲಿ.

ತುರ್ತು ಪರಿಸ್ಥಿತೀಲಿ ಹೋಟೆಲ್ ತಿಂಡಿಗೆ ಸರ್ಕಾರ ಕಮ್ಮಿ ಬೆಲೆ ಕಟ್ಟಿದಾಗ ಅದೇ ಎಂಟಿಆರ್‌ಗೆ ದಿನವೂ ನಷ್ಟ. ಆಗ ಅವರು ಹೋಟೆಲಿನ ಅಡುಗೆ ವಿದ್ಯೆನೇ ಪೊಟ್ಟಣಕ್ಕೆ ತುಂಬಿ ಮಿಕ್ಸು, ಪುಡಿ ಮಾರೋಕೆ ಹೊರಟ್ರು. ವಿದ್ಯೆ ಉಳಿದಿದ್ದಕ್ಕೆ ದಾರಿ ಉಳೀತು.

ಈ ವಿದ್ಯೆ ಮೆಷಿನ್ನಲ್ಲಿರಲ್ಲ ಅಕ್ಕ, ಜನರಲ್ಲಿರತ್ತೆ. ಖರ್ಚು ಇಳಿಸೋಕೆ ಅಂತ ಪ್ರೆಸ್ಸಲ್ಲಿ ಕೆಲಸಕ್ಕಿರೋ ಇಬ್ಬರು ಹುಡುಗರಲ್ಲಿ ಒಬ್ಬನ್ನ ಬಿಡಿಸೋ ಯೋಚನೆ ಇದ್ರೆ ದಯವಿಟ್ಟು ಬೇಡ ಅನ್ನಿ. ಕೆಲಸ ಕಮ್ಮಿ ಇರೋ ಮಧ್ಯಾಹ್ನಗಳಲ್ಲಿ ಅವನಿಗೆ ಕಂಪ್ಯೂಟರಲ್ಲಿ ಪುಟ ಕಟ್ಟೋದು ಕಲಿಸಲಿ. ಅಂಗಡಿ ಜೊತೆಗೆ ಆ ಹುಡುಗನ ಮನೆನೂ ಉಳಿಯೋ ದಾರಿ ಹುಡುಕಿದ್ರೇನೇ ಅದು ಬುದ್ಧಿವಂತಿಕೆ.