ಗಾಡಿಗೆ ಬಾಯಿ ಬಂದರೆ

ಗಾಡಿ ಕಳವಾಗುವುದು ಬೇರೆ, ಗಾಡಿ ಎಲ್ಲಿ ಹಚ್ಚಿದ್ದೆವೆಂಬುದು ಮರೆತುಹೋಗುವುದು ಬೇರೆ. ಮೊದಲನೆಯದಕ್ಕೆ ಪೊಲೀಸ್ ಠಾಣೆಯಿದೆ, ವಿಮೆಯಿದೆ, ಓಣಿಯವರ ಮರುಕವಿದೆ. ಎರಡನೆಯದಕ್ಕೆ ನಗೆಯೊಂದೇ ಸಿಗುತ್ತದೆ. ಬಹುಶಃ ಈ ಅವಮಾನದ ದೆಸೆಯಿಂದಲೇ ಜಗತ್ತಿನ ಎಂಜಿನಿಯರುಗಳು ಇದರ ಬೆನ್ನು ಹತ್ತಿದ್ದಾರೆ. ಅವರ ಉಪಾಯಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ನೋಡಿದರೆ ಮೂಲದಲ್ಲಿ ಇರುವುದು ಒಂದೇ: ಮೂಕ ಗಾಡಿಗೆ ಬಾಯಿ ಕೊಡುವುದು. ‘ಇಲ್ಲಿದ್ದೇನೆ’ ಎಂದು ಗಾಡಿ ತಾನೇ ಕೂಗಬೇಕು. ನನ್ನ ವಾದವೂ ಒಂದೇ: ಬಾಯಿ ಬಂದ ಗಾಡಿ ಯಜಮಾನನೊಬ್ಬನ ಹತ್ತಿರವೇ ಮಾತಾಡೀತು ಎಂದು ನಂಬುವುದು ಹುಬ್ಬಳ್ಳಿ-ಧಾರವಾಡದವರಿಗೆ ಶೋಭಿಸುವುದಿಲ್ಲ. ಇಷ್ಟು ಚಿಕ್ಕ ಸಂಗತಿಗೆ ಇಷ್ಟೊಂದು ತರ್ಕವೇ ಎಂದು ಯಾರಾದರೂ ಕೇಳಿದರೆ ನನಗೆ ನಾಚಿಕೆಯಾಗುತ್ತದೆ. ಆದರೆ ನಿಲ್ಲಿಸುವಷ್ಟಲ್ಲ.

ಮೊದಲು ಬಾಯಿ ಬಂದದ್ದು ಚಾವಿಗೆ. ಪಾಲ್ ಲಿಪ್‌ಶುಟ್ಜ್ ಎಂಬಾತ ಕಂಡುಹಿಡಿದ, ದೂರದಿಂದಲೇ ಬಾಗಿಲು ತೆಗೆಯುವ ಚಾವಿ 1982ರಲ್ಲಿ ಫ್ರಾನ್ಸಿನ ರೆನೋ ಫ್ಯುಯೇಗೋ ಕಾರಿನ ಜೊತೆ ಬಂತು. ಅದು ಅವಗೆಂಪು ಕಿರಣದ್ದು, ಅಂದರೆ ಗಾಡಿ ಕಣ್ಣೆದುರಿಗೇ ಇರಬೇಕು. ಕಣ್ಣೆದುರಿಗಿದ್ದ ಗಾಡಿಯನ್ನು ಹುಡುಕುವ ದರ್ದು ಯಾರಿಗೂ ಇರಲಿಲ್ಲ. ಆಮೇಲೆ ರೇಡಿಯೊ ಬಂತು. ಈಗಿನ ಎಷ್ಟೋ ಕಾರುಗಳ ರಿಮೋಟು 433 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಮಾತಾಡುತ್ತದೆ. ಗುಂಡಿ ಒತ್ತಿದರೆ ಕಾರು ದೀಪ ಮಿಣುಕಿಸಿ ‘ಟುಕ್ ಟುಕ್’ ಅನ್ನುತ್ತದೆ. ಆದರೆ ಆ ದನಿ ಮುಟ್ಟುವುದು ಹತ್ತಾರು ಮೀಟರು ಮಾತ್ರ. ನಮ್ಮ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದಲ್ಲಿ ಒಂದು ಪ್ಲಾಟ್‌ಫಾರ್ಮೇ 1507 ಮೀಟರ್ ಉದ್ದ, ಜಗತ್ತಿಗೇ ಉದ್ದದ್ದು. ಹಚ್ಚಿದ್ದು ಒಂದು ತುದಿ, ಹೊರಬಿದ್ದದ್ದು ಇನ್ನೊಂದು ತುದಿ ಎಂದಾದರೆ ಚಾವಿ ಗಂಟಲು ಹರಿದುಕೊಂಡರೂ ವ್ಯರ್ಥ.

ಇದಕ್ಕೂ ಪರಿಹಾರವಿದೆ, ಅದೂ ವೈಜ್ಞಾನಿಕವಾದದ್ದು. ಚಾವಿಯನ್ನು ಗದ್ದದ ಕೆಳಗೆ ಆನಿಸಿ ಹಿಡಿದು ಗುಂಡಿ ಒತ್ತಬೇಕು. 433 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 69 ಸೆಂಟಿಮೀಟರ್. ಚಾವಿಯೊಳಗಿನ ಆಂಟೆನಾ ಅದರ ಮುಂದೆ ತೀರ ಗಿಡ್ಡ. ತಲೆಯಲ್ಲಿ ತುಂಬಿರುವ ನೀರು ಆ ಕೊರತೆಯನ್ನು ತಕ್ಕಮಟ್ಟಿಗೆ ನೀಗಿಸಿ ಸಂಕೇತವನ್ನು ಇನ್ನಷ್ಟು ದೂರ ಕಳಿಸುತ್ತದೆ. ಬುರುಡೆಯಲ್ಲಿ ಬುದ್ಧಿಗಿಂತ ನೀರು ಹೆಚ್ಚಿದ್ದರೆ ಲಾಭವಾಗುವ ಸಂದರ್ಭ ಇದೊಂದೇ ಇರಬೇಕು. ಪ್ರಯೋಗಶಾಲೆಯಲ್ಲಿ ಸರಿ, ಇದನ್ನು ಸಂಜೆ ಏಳಕ್ಕೆ ದುರ್ಗದಬೈಲಿನಲ್ಲಿ ಕಲ್ಪಿಸಿಕೊಳ್ಳಿ. ಗಿರಮಿಟ್ಟು-ಮಿರ್ಚಿಯ ಗಾಡಿಗಳ ನಡುವೆ ಇಸ್ತ್ರಿ ಅಂಗಿಯ ಹಿರಿಯರೊಬ್ಬರು ಗದ್ದ ಎತ್ತಿ, ಅದಕ್ಕೆ ಚಾವಿ ಒತ್ತಿ, ಕಣ್ಣು ಕಿರಿದು ಮಾಡಿ ನಿಧಾನಕ್ಕೆ ಸುತ್ತು ತಿರುಗುತ್ತಿದ್ದಾರೆ. ‘ಯಾಕ್ರೀ ಕಾಕಾರ, ಹಲ್ಲ ನೋಯಾಕತ್ತಾವೇನ್ರಿ?’ ಎಂದು ಒಬ್ಬ ಕೇಳದೆ ಇರುತ್ತಾನೆಯೇ? ‘ಇಲ್ಲಪಾ, ಕಾರ್ ಹುಡುಕಾಕತ್ತೇನಿ.’ ‘ಗದ್ದದಾಗ?’ ಅಷ್ಟರಲ್ಲಿ ಇನ್ನೊಬ್ಬ ಲವಂಗದೆಣ್ಣೆ ಹಚ್ಚಲು ಹೇಳಿರುತ್ತಾನೆ. ಹಿರಿಯರು ಅಲೆಯ ಉದ್ದ, ತಲೆಯ ನೀರು ಎಲ್ಲವನ್ನೂ ವಿವರಿಸುತ್ತಾರೆ. ಮಂದಿ ಕೂಡುತ್ತದೆ. ತಲೆ ದೊಡ್ಡದಿದ್ದರೆ ರೇಂಜ್ ಹೆಚ್ಚೋ ಎಂದು ಕಾಲೇಜು ಹುಡುಗನ ಪ್ರಶ್ನೆ. ಟೊಪಿಗಿ ಹಾಕಿದ್ದರೆ ಕಡಿಮೆಯಾದೀತೇ ಎಂದು ಟೊಪಿಗಿ ಹಾಕಿದವರ ಆತಂಕ. ‘ಬಾಯಿ ತೆರದು ಒತ್ತರಿ, ಇನ್ನೂ ಛಲೋ ಕೇಳ್ತೈತಿ’ ಎಂದು ಮಿರ್ಚಿಯವನ ತಿದ್ದುಪಡಿ. ಎಲ್ಲರೂ ಒಟ್ಟಿಗೇ ಮಾತಾಡುತ್ತಿರುವುದರಿಂದ, ಇಪ್ಪತ್ತೇ ಹೆಜ್ಜೆ ಆಚೆ ಕಾರು ‘ಟುಕ್ ಟುಕ್’ ಅಂದದ್ದು ಯಾರ ಕಿವಿಗೂ ಬೀಳುವುದಿಲ್ಲ.

ಎರಡನೆಯ ಬಾಯಿ ಮೊಬೈಲಿನದು. ಕಾರಿನ ಬ್ಲೂಟೂತ್ ಕೊಂಡಿ ಕಳಚಿದ ಕೂಡಲೇ ಆ ಜಾಗವನ್ನು ನಕ್ಷೆಯಲ್ಲಿ ಗುರುತು ಹಾಕಿಡುವ ಏರ್ಪಾಟನ್ನು ಆ್ಯಪಲ್ 2016ರಲ್ಲಿ ತಂದಿತು. 2018ರ ಟಿವಿಎಸ್ ಎನ್‌ಟಾರ್ಕ್ ಅದನ್ನು ಸ್ಕೂಟರಿಗೂ ಇಳಿಸಿತು. ಲೆಕ್ಕ ಹಾಕೋಣ. ಬಯಲಿನಲ್ಲಿ ಮೊಬೈಲಿನ ಜಿಪಿಎಸ್ ಸುಮಾರು 5 ಮೀಟರ್ ಅತ್ತಿತ್ತ ಹೇಳುತ್ತದೆ. ಅಂದರೆ 78 ಚದರ ಮೀಟರಿನ ಒಂದು ವೃತ್ತ. ನಮ್ಮವರು ಒತ್ತಿ ಹಚ್ಚುವ ರೀತಿಯಲ್ಲಿ ಅಷ್ಟರೊಳಗೆ 40 ಸ್ಕೂಟರು ಹಿಡಿಯುತ್ತವೆ, ಅರ್ಧ ಕೆಎ-25, ಅರ್ಧ ಕೆಎ-63, ಬಹುಪಾಲು ಬಿಳಿ. ಹೋಗಲಿ, 40ರಲ್ಲಿ ಒಂದನ್ನು ಹುಡುಕಬಹುದು. ಆದರೆ 20,000 ಕಿಲೋಮೀಟರ್ ಎತ್ತರದ ಉಪಗ್ರಹಗಳ ನೆರವಿನಿಂದ ಮೊಬೈಲು ಹೇಳುವುದು ಗಾಡಿಯನ್ನು ಬಿಟ್ಟ ಜಾಗವನ್ನು. ಈಗ ಇರುವ ಜಾಗ ಅದೇ ಆಗಿರಬೇಕೆಂಬ ನಿಯಮ ಕೊಪ್ಪೀಕರ್ ರಸ್ತೆಯಲ್ಲಿ ಇಲ್ಲ. ಹ್ಯಾಂಡಲ್ ಲಾಕ್ ಮಾಡದ ಸ್ಕೂಟರು ಸಾರ್ವಜನಿಕ ಆಸ್ತಿ. ತಮ್ಮದನ್ನು ತೂರಿಸಲು ಒಬ್ಬರು ಅದನ್ನು ಎಡಕ್ಕೆ ಸರಿಸುತ್ತಾರೆ, ತೆಗೆಯಲು ಇನ್ನೊಬ್ಬರು ಹಿಂದಕ್ಕೆ ಎಳೆಯುತ್ತಾರೆ. ಸರ್ಕಾರದ ರಸ್ತೆಯಲ್ಲಿ ತನ್ನ ಹಗ್ಗ ಕಟ್ಟಿ, ತನ್ನ ‘ನೋ ಪಾರ್ಕಿಂಗ್’ ಫಲಕ ನೆಟ್ಟ ಅಂಗಡಿಯವನು ಉಳಿದ ಕೆಲಸ ಪೂರೈಸುತ್ತಾನೆ. ಈ ಹಗ್ಗದವರ ಬಗ್ಗೆ ಮಾತ್ರ ನನಗೆ ಯಾವ ಹಾಸ್ಯವೂ ಹೊಳೆಯುವುದಿಲ್ಲ.

ಇನ್ನು ಕದ್ದು ಕೇಳುವವರ ಸಂಗತಿ. ಹಳೆಯ ರಿಮೋಟುಗಳು ಪ್ರತಿ ಸಲವೂ ಒಂದೇ ಸಂಕೇತ ಕಳಿಸುತ್ತಿದ್ದವು; ಗಾಳಿಯಲ್ಲಿ ಅದನ್ನು ಹಿಡಿದಿಟ್ಟುಕೊಂಡವನಿಗೆ ನಕಲಿ ಚಾವಿ ಸಿಕ್ಕಂತೆಯೇ. ಅದಕ್ಕೇ ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಕೀಲಾಕ್‌ನಂಥ ಪದ್ಧತಿಗಳು ಒತ್ತಿದಾಗಲೆಲ್ಲ ಸಂಕೇತ ಬದಲಿಸತೊಡಗಿದವು. ಧಾರವಾಡದ ಬೈಠಕ್ಕಿನಲ್ಲಿ ಗಾಯಕ ಪ್ರತಿ ಆವರ್ತನಕ್ಕೂ ಬೇರೆ ತಾನ ಹೊಡೆದರೂ ತಬಲಾದವನ ಜೊತೆ ಸಮಕ್ಕೆ ಬಂದು ಕೂಡುವ ಹಾಗೆ, ಚಾವಿಯೂ ಕಾರೂ ಒಳಗೊಳಗೇ ಎಣಿಕೆ ಇಟ್ಟುಕೊಂಡು ಕೂಡುತ್ತವೆ. ಬ್ಲೂಟೂತಿನದು ಇನ್ನೊಂದು ಬಗೆ: ಸೆಕೆಂಡಿಗೆ 1600 ಸಲ ಒಂದು ತರಂಗಾಂತರದಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಇಂಥ ಜಿಗಿತಕ್ಕೆ 1942ರಲ್ಲೇ ಪೇಟೆಂಟ್ ಪಡೆದವರಲ್ಲಿ ಒಬ್ಬಳು ಹಾಲಿವುಡ್ ನಟಿ ಹೆಡಿ ಲಮಾರ್, ಜೊತೆಗಾರ ಸಂಗೀತಗಾರ ಜಾರ್ಜ್ ಆಂಥೈಲ್. ಟಾರ್ಪಿಡೊ ನಡೆಸಲು ಅವರು ಆರಿಸಿದ್ದು 88 ತರಂಗಾಂತರ, ಪಿಯಾನೋದ ಪಟ್ಟಿಗಳಷ್ಟೇ. ನಮ್ಮೂರಲ್ಲಿ ಈ ಉಪಾಯ ಹುಟ್ಟಿದ್ದರೆ ಹಾರ್ಮೋನಿಯಂ ಲೆಕ್ಕದಲ್ಲಿ ಅರ್ಧಕ್ಕೇ ಮುಗಿಯುತ್ತಿತ್ತು. ಕಳ್ಳರೂ ಸುಮ್ಮನೆ ಕೂರಲಿಲ್ಲ ಎನ್ನುವುದಕ್ಕಿಂತ ಸಂಶೋಧಕರು ಸುಮ್ಮನೆ ಕೂರಲಿಲ್ಲ ಎನ್ನಬೇಕು. ಕೀಲಾಕ್ ಅನ್ನು 2008ರಲ್ಲಿ ಬೋಹುಮ್ ವಿಶ್ವವಿದ್ಯಾಲಯದವರು ಒಡೆದು ತೋರಿಸಿದರು. ಕಿಸೆಯಲ್ಲಿದ್ದರೆ ಸಾಕು, ಬಾಗಿಲು ತೆಗೆಯುವ ಚಾವಿಯ ದನಿಯನ್ನು ಮಧ್ಯದಲ್ಲಿ ಇಬ್ಬರು ನಿಂತು ಕಾರಿಗೆ ದಾಟಿಸಬಹುದೆಂದು 2011ರಲ್ಲಿ ಜ್ಯೂರಿಕ್‌ನ ಸಂಶೋಧಕರು 10 ಮಾದರಿಯ ಕಾರುಗಳ ಮೇಲೆ ಸಾಬೀತುಪಡಿಸಿದರು.

‘ಅಲ್ರೀ, ಹುಬ್ಬಳ್ಳ್ಯಾಗ ಯಾವ ಕಳ್ಳ ಇಷ್ಟೆಲ್ಲಾ ಓದ್ಯಾನ? ಹ್ಯಾಂಡಲ್ಲಿಗೆ ಒಂದು ಒದ್ರ ಲಾಕ್ ಮುರೀತೈತಿ’ ಎಂಬುದು ಮೊದಲ ಆಕ್ಷೇಪ. ಒಪ್ಪಿದೆ, ಕಾಲು ಎಲ್ಲ ತಂತ್ರಜ್ಞಾನಕ್ಕಿಂತ ಅಗ್ಗ. ಆದರೆ ನನ್ನ ಹೆದರಿಕೆ ಗಾಡಿ ಹೋಗುವುದರದಲ್ಲ, ಗಾಡಿ ಎಲ್ಲೆಲ್ಲಿ ನಿಂತಿತ್ತೆಂಬ ದಾಖಲೆ ಉಳಿಯುವುದರದು. 2024ರ ಡಿಸೆಂಬರಿನಲ್ಲಿ ಹೊರಬಿದ್ದ ಸುದ್ದಿ ನೋಡಿ: ಫೋಕ್ಸ್‌ವ್ಯಾಗನ್ ಸಮೂಹದ ಸುಮಾರು 8 ಲಕ್ಷ ವಿದ್ಯುತ್ ಕಾರುಗಳ ಮಾಹಿತಿ ಕ್ಲೌಡಿನಲ್ಲಿ ಸರಿಯಾದ ಕಾವಲಿಲ್ಲದೆ ಬಿದ್ದಿತ್ತು, ಅದರಲ್ಲಿ ಸುಮಾರು 4.6 ಲಕ್ಷ ಕಾರುಗಳು ಎಲ್ಲಿ ನಿಂತಿದ್ದವೆಂಬ ಕರಾರುವಾಕ್ಕಾದ ವಿವರವಿತ್ತು. ರಾತ್ರಿ ನಿಲ್ಲುವ ಜಾಗ ಮನೆ, ಹಗಲು ನಿಲ್ಲುವ ಜಾಗ ಕಚೇರಿ, ಉಳಿದ ಜಾಗ ಯಾರಿಗೂ ಹೇಳಬೇಕಿಲ್ಲದ್ದು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ: ನಮ್ಮಲ್ಲಿ ಇದು ಹೊಸದೇನು? ಯಾರ ಕಾರು ಯಾರ ಮನೆ ಮುಂದೆ ಎಷ್ಟು ಹೊತ್ತು ನಿಂತಿತ್ತೆಂದು ಓಣಿಗೆ ಮೊದಲಿನಿಂದ ಗೊತ್ತು. ಪಾನ್ ಅಂಗಡಿಯವನು ನಂಬರ್ ಪ್ಲೇಟು ನೋಡಿಯೇ ಬೀಗಸ್ತನ ಕುದುರಿದ್ದನ್ನು ಹೇಳುತ್ತಾನೆ. ನಿಜ. ಆದರೆ ಅವನಿಗೆ ಒಂದು ಓಣಿ ಗೊತ್ತು, 8 ಲಕ್ಷ ಓಣಿಯಲ್ಲ. ಅವನ ನೆನಪು ಮುಂದಿನ ಹಬ್ಬದವರೆಗೆ. ಮತ್ತು ಅವನು ನೋಡುತ್ತಿರುವುದು ನಮಗೂ ಕಾಣುತ್ತದೆ. ಬೇಕೆಂದರೆ ಆಚೆ ಬೀದಿಯಲ್ಲಿ ಹಚ್ಚಬಹುದು. ಅಡಗಿ ನೋಡುವ ಕಣ್ಣಿನಿಂದ ಹಾಗೆ ತಪ್ಪಿಸಿಕೊಳ್ಳಲಾಗದು. 2021ರಲ್ಲಿ ಬಂದ ಏರ್‌ಟ್ಯಾಗ್‌ನಂಥ ಬಿಲ್ಲೆಗಳನ್ನು ಕೀಲಿಗೊಂಚಲು ಹುಡುಕಲೆಂದು ಮಾಡಿದರು. ಕೆಲವು ಗಂಡಸರು ತಮ್ಮನ್ನು ಬಿಟ್ಟುಹೋದ ಹೆಂಡತಿಯ ಕಾರಿನಲ್ಲಿ ಅವನ್ನು ಅಡಗಿಸಿಟ್ಟರು. ಅಪರಿಚಿತ ಬಿಲ್ಲೆ ಬೆನ್ನು ಹತ್ತಿದರೆ ಐಫೋನ್, ಆಂಡ್ರಾಯ್ಡ್ ಎರಡೂ ಬಗೆಯ ಮೊಬೈಲು ಎಚ್ಚರಿಸಬೇಕೆಂಬ ಒಪ್ಪಂದವನ್ನು ಆ್ಯಪಲ್ ಮತ್ತು ಗೂಗಲ್ ಜಾರಿಗೆ ತಂದದ್ದು 2024ರ ಮೇ ತಿಂಗಳಲ್ಲಿ, ಮೂರು ವರ್ಷ ಕಳೆದ ಮೇಲೆ. ಆ ಮೂರು ವರ್ಷ ಎಷ್ಟು ಹೆಂಗಸರು ಎಲ್ಲಿಗೆ ಓಡಿದರೂ ಸಿಕ್ಕಿಬಿದ್ದರೋ, ಅದನ್ನು ನೆನೆದರೆ ಗದ್ದದ ಚಾವಿಯ ನಗೆ ಗಂಟಲಲ್ಲೇ ನಿಲ್ಲುತ್ತದೆ.

ಹಾಗಾದರೆ ಹುಡುಕುವುದೇ ಬೇಡವೇ? ಬೇಕು, ಆದರೆ ಕಡಿಮೆ ಮಾತಾಡುವ ಉಪಾಯ ಬೇಕು. 2023ರ ಜನವರಿಯಲ್ಲಿ ಬಂದ ಆಕ್ಟಿವಾದ ಸ್ಮಾರ್ಟ್ ಚಾವಿ ನನಗೆ ಮೆಚ್ಚುಗೆ: ಗುಂಡಿ ಒತ್ತಿದರೆ ನಾಲ್ಕೂ ಇಂಡಿಕೇಟರ್ ಮಿಣುಕಿ ಸುಮ್ಮನಾಗುತ್ತವೆ. ಅದಕ್ಕೆ ನಕ್ಷೆ ಬೇಕಿಲ್ಲ, ಕ್ಲೌಡ್ ಬೇಕಿಲ್ಲ, ನಿನ್ನೆ ಎಲ್ಲಿದ್ದೆನೆಂಬ ನೆನಪೂ ಇಲ್ಲ. ಬಿಸಿಲಲ್ಲಿ ಇಂಡಿಕೇಟರ್ ಕಾಣುವುದಿಲ್ಲವೆನ್ನುವವರು ಸಂಜೆ ಪೇಟೆಗೆ ಹೋಗಲಿ. ಗಾಡಿಯೇ ಬೇಡ, ಚಿಗರಿ ಬಸ್ ಹತ್ತಿ ಎನ್ನುವವರು ಅದರ ನಿಲ್ದಾಣದ ತನಕ ಬರಲು ಗಾಡಿ ಎಲ್ಲಿ ಹಚ್ಚುತ್ತಾರೆಂದು ಮೊದಲು ಹೇಳಲಿ. ಇದಕ್ಕಿಂತಲೂ ಅಗ್ಗದ್ದು ಬೀದಿಯ ಕಂಬಕ್ಕೊಂದು ದೊಡ್ಡ ಅಂಕಿ ಬರೆಯುವುದು. ಡಬ್ಬಿ ಬಣ್ಣ, ಒಂದು ಕುಂಚ. ಇದನ್ನು ಹ್ಯಾಕ್ ಮಾಡಲು ಇನ್ನೊಂದು ಡಬ್ಬಿ ಬಣ್ಣವೇ ಬೇಕು. ಆ ಅಂಕಿಯ ಮೇಲೆ ವಾರದೊಳಗೆ ಪಿಎಸ್‌ಐ ಕೋಚಿಂಗಿನ ಪೋಸ್ಟರ್ ಬೀಳುತ್ತದಲ್ಲ ಎಂಬ ಆಕ್ಷೇಪಕ್ಕೆ ಮಾತ್ರ ನನ್ನಲ್ಲಿ ಉತ್ತರವಿಲ್ಲ. ಪೋಸ್ಟರನ್ನೇ ಗುರುತಿಟ್ಟುಕೊಳ್ಳೋಣವೆಂದರೆ, ಧಾರವಾಡದ ಸಪ್ತಾಪುರದಲ್ಲಿ ಎಲ್ಲ ಕಂಬಕ್ಕೂ ಅದೇ ಪೋಸ್ಟರ್.