ಹಿಂದಿನ ಬೆಂಚಿನ ಶಬ್ದಮಣಿದರ್ಪಣ

ಪ್ರೌಢಶಾಲೆಯ ಮಕ್ಕಳಿಗೆ ಕಾಗುಣಿತ ಬಾರದು ಎಂಬುದು ಪೂರ್ವಪಕ್ಷ. ಮೌಲ್ಯಮಾಪನ ಕೇಂದ್ರಕ್ಕೆ ಮಧ್ಯಾಹ್ನದ ಟೀ ಬರುವ ಹೊತ್ತಿಗೆ ಈ ಪಕ್ಷಕ್ಕೆ ಸ್ಪಷ್ಟ ಬಹುಮತ ಸಿಕ್ಕಿರುತ್ತದೆ. ಪ್ರಬಂಧಕಾರನು ಇದನ್ನು ಸವಿನಯವಾಗಿ ಖಂಡಿಸುತ್ತಾನೆ. 13ನೇ ಶತಮಾನದಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ವೆಂಬ ವ್ಯಾಕರಣ ಬರೆದು ಮುಗಿಸಿದೆನೆಂದು ತಿಳಿದಿದ್ದ ಕೆಲಸವನ್ನು ಒಂಬತ್ತನೇ ತರಗತಿಯ ಹಿಂದಿನ ಬೆಂಚು ಇನ್ನೂ ಮುಂದುವರಿಸುತ್ತಿದೆ. ಅದನ್ನು ಗುರುತಿಸುವ ಕಣ್ಣು ನಮಗಿಲ್ಲ, ಅಷ್ಟೆ.

ಹಕಾರಲೋಪವನ್ನೇ ತೆಗೆದುಕೊಳ್ಳಿ. ಹಳೇ ಮೈಸೂರಿನ ಕಡೆಯ ಬಾಲಕ ‘ಹಾಲು’ ಎಂಬುದನ್ನು ‘ಆಲು’ ಎಂದು ಬರೆದ ಕೂಡಲೇ ಮೇಷ್ಟ್ರು ಕೆಂಪು ಪೆನ್ನು ಈಚೆ ತೆಗೆಯುತ್ತಾರೆ. ಪಂಪನ ಕಾಲಕ್ಕೆ ಅದು ‘ಪಾಲ್’ ಆಗಿತ್ತು. ನಡುಗನ್ನಡದ ಹೊತ್ತಿಗೆ ಪಕಾರ ಸವೆದು ಹಕಾರವಾಯಿತು. ಆಗ ಯಾರೂ ಬೆತ್ತ ಹಿಡಿಯಲಿಲ್ಲ; ಮುಂದೆ ಬಂದ ವಿದ್ವಾಂಸರು ಅದಕ್ಕೊಂದು ಗಂಭೀರ ಹೆಸರಿಟ್ಟು ಡಾಕ್ಟರೇಟ್ ಪಡೆದರು. ಈಗ ಹಕಾರವೂ ಸವೆಯುವ ಸರದಿ. ಭಾಷಾಚರಿತ್ರೆಗಿಂತ ಒಂದು ಹೆಜ್ಜೆ ಮುಂದಿರುವ ಬಾಲಕನಿಗೆ ನಾವು ಅರ್ಧ ಅಂಕ ಕಳೆಯುತ್ತೇವೆ. ಪತ್ತು, ಹತ್ತು, ಅತ್ತು ಎಂಬ ಈ ಕ್ರಮದಲ್ಲಿ ಎಸ್ಸೆಸ್ಸೆಲ್ಸಿಯನ್ನು ‘ಅತ್ತನೇ ತರಗತಿ’ ಎಂದವನದು ಅರ್ಥದ ದೃಷ್ಟಿಯಿಂದಲೂ ತಪ್ಪಲ್ಲ.

ಬೈಸಿಕೊಂಡ ಬಾಲಕ ಪ್ರಾಯಶ್ಚಿತ್ತವೆಂದು ಕಂಡಕಂಡ ಸ್ವರಕ್ಕೆಲ್ಲ ಹಕಾರ ತೊಡಿಸುತ್ತಾನೆ. ‘ಹಮ್ಮ ಹಂಗಡಿಯಿಂದ ಹಕ್ಕಿ ತಂದು ಹನ್ನ ಮಾಡಿದಳು.’ ಇಲ್ಲಿ ಜೀವಹಿಂಸೆ ನಡೆದಿಲ್ಲ. ಇದು ಭಯಜನ್ಯ ವ್ಯಾಕರಣ. ಇದರ ಕರ್ತೃ ಮೇಷ್ಟ್ರು, ಬಾಲಕ ಲಿಪಿಕಾರ ಮಾತ್ರ.

ಇನ್ನು ಮಹಾಪ್ರಾಣ. ವರ್ಗೀಯ ವ್ಯಂಜನಗಳು 25, ಅವುಗಳಲ್ಲಿ ಮಹಾಪ್ರಾಣಗಳು 10. ಪದವೊಂದರೊಳಗಿನ ಉಸಿರಿನ ಒಟ್ಟು ಮೊತ್ತ ಎಂದೂ ಬದಲಾಗದು, ಅದು ಕೂತ ಜಾಗ ಮಾತ್ರ ಬದಲಾಗುತ್ತದೆ ಎಂಬುದು ಹಿಂದಿನ ಬೆಂಚಿನ ಮಹತ್ವದ ಶೋಧ. ‘ಬೋಧನೆ’ಯು ‘ಭೋದನೆ’ಯಾಗುತ್ತದೆ, ‘ದೀರ್ಘ’ವು ‘ಧೀರ್ಗ’ವಾಗುತ್ತದೆ, ‘ವಿದ್ಯಾರ್ಥಿ’ಯು ‘ವಿಧ್ಯಾರ್ತಿ’ಯಾಗುತ್ತಾನೆ. ಒಂದೇ ಒಂದು ಮಹಾಪ್ರಾಣವೂ ನಷ್ಟವಾಗಿಲ್ಲ. ಆಡಿಟ್‌ನವರೂ ಆಕ್ಷೇಪ ಎತ್ತಲಾರರು. ಕನ್ನಡ ಬರಹಕ್ಕೆ ಮಹಾಪ್ರಾಣಗಳೇ ಬೇಡವೆಂದು ಡಿ.ಎನ್. ಶಂಕರ ಭಟ್ಟರು ವಾದಿಸಿದರು, ಬೇಕೇಬೇಕೆಂದು ಉಳಿದವರು ಜಗಳಕ್ಕೆ ನಿಂತರು. ನಮ್ಮ ಬಾಲಕ ಎರಡೂ ಕಡೆಯವರನ್ನು ಓದದೆ ರಾಜಿ ಮಾಡಿಸಿದ್ದಾನೆ: ಬಿಡುವುದೂ ಇಲ್ಲ, ಇರಬೇಕಾದಲ್ಲಿ ಇಡುವುದೂ ಇಲ್ಲ.

ತಪ್ಪಿದ ಪದವನ್ನು ಹತ್ತು ಸಲ ಬರೆಸುವ ಪರಂಪರಾಗತ ಚಿಕಿತ್ಸೆಯನ್ನು ಗ್ರಂಥಸಂಪಾದನಾ ಶಾಸ್ತ್ರದ ಬೆಳಕಿನಲ್ಲಿ ನೋಡಬೇಕು. ಮೊದಲ ಸಾಲನ್ನು ಬಾಲಕ ಬೋರ್ಡು ನೋಡಿ ಬರೆಯುತ್ತಾನೆ. ಎರಡನೆಯದನ್ನು ಮೊದಲನೆಯದನ್ನು ನೋಡಿ, ಮೂರನೆಯದನ್ನು ಎರಡನೆಯದನ್ನು ನೋಡಿ. ನಾಲ್ಕರಲ್ಲಿ ಒತ್ತು ಉದುರುತ್ತದೆ, ಏಳರಲ್ಲಿ ದೀರ್ಘ ಕುಗ್ಗುತ್ತದೆ. ಹತ್ತನೆಯದು ಸ್ವತಂತ್ರ ಕೃತಿ. ತಾಳೆಗರಿಗಳಲ್ಲಿ ಪಾಠಾಂತರ ಹುಟ್ಟಲು ಶತಮಾನಗಳು ಬೇಕಾದವು. ಇಲ್ಲಿ ಒಂದು ಪೀರಿಯಡ್ ಸಾಕು. ಮೇಷ್ಟ್ರು ಮೂಲಪಾಠವನ್ನಷ್ಟೇ ನೋಡಿ ಕೊನೆಯಲ್ಲಿ ‘ನೋಡಿದೆ’ ಎಂದು ಸಹಿ ಹಾಕುತ್ತಾರೆ. ಎಂಬತ್ತು ನೋಟ್‌ಬುಕ್ಕು, ಜನಗಣತಿ, ಬಿಸಿಯೂಟದ ಲೆಕ್ಕ ಎಲ್ಲವೂ ಒಬ್ಬರ ಮೇಲೆ ಬಿದ್ದರೆ ಇನ್ನೇನು ಮಾಡಿಯಾರು?

ಓದಿನ ವಿಚಾರ ಚಿಕ್ಕದು, ಏಕೆಂದರೆ ಓದು ನಡೆಯುವುದೂ ಅಷ್ಟೇ. ಕನ್ನಡಿಗರು ಓದದೆಯೂ ಕಾವ್ಯದಲ್ಲಿ ನಿಪುಣರೆಂದು 9ನೇ ಶತಮಾನದಲ್ಲಿಯೇ ಕವಿರಾಜಮಾರ್ಗ ಹೊಗಳಿಬಿಟ್ಟಿದೆ. ಆ ಹೊಗಳಿಕೆಯನ್ನು ಇಷ್ಟು ಶ್ರದ್ಧೆಯಿಂದ ಪಾಲಿಸಿದ ತಲೆಮಾರು ಹಿಂದೆಂದೂ ಬಂದಿರಲಾರದು. ಪ್ರಶ್ನೆಪತ್ರಿಕೆಯಲ್ಲಿ ‘ಅಪಠಿತ ಗದ್ಯ’ ಎಂದೊಂದು ಭಾಗವಿರುತ್ತದೆ. ಗೈಡು ಮತ್ತು ಪಾಸಿಂಗ್ ಪ್ಯಾಕೇಜಿನಲ್ಲೇ ಬೆಳೆದವನಿಗೆ ಪಠ್ಯಪುಸ್ತಕವೂ ಅಪಠಿತ ಗದ್ಯವೇ ಆದ್ದರಿಂದ ಈ ವಿಂಗಡಣೆ ಅಶಾಸ್ತ್ರೀಯ. ಕಥೆ, ಕಾದಂಬರಿ ಓದಿದರೆ ಪದದ ಆಕಾರ ಕಣ್ಣಿಗೆ ತಾನಾಗಿ ಕೂರುತ್ತದೆ, ಕಾಗುಣಿತ ಅದರ ಹಿಂದೆಯೇ ಬರುತ್ತದೆ ಎಂದು ಕೆಲವರು ಹೇಳುತ್ತಾರೆ. ಇದರ ಪರೀಕ್ಷೆ ಮಾತ್ರ ಇನ್ನೂ ಬಾಕಿ: ಪುಸ್ತಕಗಳು ಗ್ರಂಥಾಲಯದ ಬೀರುವಿನೊಳಗಿವೆ, ಬೀರುವಿಗೆ ಬೀಗ ಹಾಕಿದೆ, ಕೀಲಿಕೈ ತಪಾಸಣೆಯ ದಿನ ಮಾತ್ರ ಸಿಗುತ್ತದೆ. ಹರಿದುಹೋದರೆ ಯಾರು ಹೊಣೆ ಎಂಬ ಪ್ರಶ್ನೆಗೆ ಉತ್ತರ ಸಿಗುವವರೆಗೆ ಕನ್ನಡ ಸಾಹಿತ್ಯ ಅಲ್ಲಿ ಸುರಕ್ಷಿತ.

ಬೀಗ ಹಾಕದೆ ಬಾಲಕನಿಗೆ ದಿನವೂ ದಕ್ಕುವ ಕನ್ನಡವೆಂದರೆ ಊರಿನ ಫ್ಲೆಕ್ಸು, ಬೇಕರಿಯ ಬೋರ್ಡು, ಗೆಳೆಯರ ವಾಟ್ಸಾಪು. ಅಲ್ಲಿ ‘ಹಾರ್ದಿಕ ಶುಬಾಶಯ’ ಕೋರಿದವರೆಲ್ಲ ಊರಿನ ದೊಡ್ಡವರು. ಅವರಿಗೆ ಯಾರೂ ಅರ್ಧ ಅಂಕ ಕಳೆದಿಲ್ಲ.

ಆದ್ದರಿಂದ ಮುಖ್ಯೋಪಾಧ್ಯಾಯರಲ್ಲಿ ಒಂದು ಬಿನ್ನಹ: ಬೀರು ತೆಗೆಸಿ, ಪುಸ್ತಕ ಹರಿದರೆ ಹರಿಯಲಿ, ವಾರಕ್ಕೊಂದು ಪೀರಿಯಡ್ ಮಕ್ಕಳು ಗಟ್ಟಿಯಾಗಿ ಓದಲಿ, ಓದಿದ್ದರಲ್ಲೇ ನಾಲ್ಕು ಸಾಲು ಉಕ್ತಲೇಖನ ನಡೆಯಲಿ. ‘ಭೋದನೆ’ಗೆ ಕೆಂಪು ಗೆರೆ ಎಳೆಯುವ ಮೇಷ್ಟ್ರುಗಳಲ್ಲಿ ಇನ್ನೊಂದು: ಎಳೆಯುವ ಮುಂಚೆ ನಿಮ್ಮ ಶಾಲೆಯ ಗೋಡೆಯ ಮೇಲೆ ಅದನ್ನು ಹೇಗೆ ಬರೆಸಿದ್ದೀರೆಂದು ಒಮ್ಮೆ ನೋಡಿಕೊಂಡು ಬನ್ನಿ.